ವೆಲ್ಡರ್ ಬೇಕಾಗಿದ್ದ ಊರು

ನಾನು ಒಂದು ವೆಲ್ಡಿಂಗ್ ಮುಖವಾಡ. ಕರಿ ಫೈಬರಿನ ಮೈ, ಕಣ್ಣಿನ ಜಾಗದಲ್ಲಿ ಒಂದು ತುಂಡು ಕಪ್ಪು ಗಾಜು. ಕೊಯಮತ್ತೂರಿನ ಸಣ್ಣ ಕಾರ್ಖಾನೆಯೊಂದರಲ್ಲಿ ಅಚ್ಚಿನಿಂದ ಹೊರಬಿದ್ದೆ. ಹರಿಹರದ ಅಂಗಡಿಯಲ್ಲಿ ನನ್ನನ್ನು ಕೊಂಡವನು ಕರಿಬಸಪ್ಪ, ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡಿನ ವೆಲ್ಡರ್. ತಮ್ಮ ಗುರುಶಾಂತನಿಗೆ ಕೆಲಸ ಕಲಿಸಿದ್ದು ಅವನೇ. ಕಣ್ಣು ಮಂದವಾದಾಗ ನನ್ನನ್ನು ತಮ್ಮನ ತಲೆಗೆ ಹಾಕಿ, "ಇನ್ನು ನೀನೇ ನೋಡ್ಕೋ" ಎಂದ.

ಆಸ್ಟ್ರೇಲಿಯಾದ ಒಳನಾಡಿನಲ್ಲಿ ಗೋಧಿ ಬೆಳೆಯುವ ಒಂದು ಪುಟ್ಟ ಊರು. ಅಲ್ಲಿ ಹೆಲೆನ್ ಎಂಬಾಕೆ ಕೊಯ್ಲಿನ ಯಂತ್ರಗಳ ರಿಪೇರಿ ಶೆಡ್ ನಡೆಸುತ್ತಿದ್ದಳು. ಎರಡು ವರ್ಷ ಜಾಹೀರಾತು ಕೊಟ್ಟರೂ ವೆಲ್ಡರ್ ಸಿಗಲಿಲ್ಲ. ಕೊನೆಗೆ ಏಜೆಂಟರ ಮೂಲಕ ಗುರುಶಾಂತನಿಗೆ ವೀಸಾ ಮಾಡಿಸಿದಳು. ಅವನು ಪರೀಕ್ಷಕರ ಮುಂದೆ ಪೈಪು ಬೆಸೆದು ತೋರಿಸಿದಾಗ ಮುಖದ ಮೇಲೆ ನಾನೇ ಇದ್ದೆ. ವೀಸಾದ ಷರತ್ತಿನಂತೆ ಮೂರು ವರ್ಷ ಆ ಸೀಮೆಯಲ್ಲೇ ದುಡಿಯಬೇಕು. ಆಮೇಲೆ ಎಲ್ಲಿ ಬೇಕಾದರೂ ಇರಬಹುದು. ಮಗಳ ಹೈಸ್ಕೂಲು ಮುಗಿಯಲೆಂದು ಹೆಂಡತಿ ಕಸ್ತೂರಿ ಹರಿಹರದಲ್ಲೇ ಉಳಿದಳು.

ಎರಡನೆಯ ವರ್ಷದ ಸುಗ್ಗಿ. ಒಂದು ಬೆಳಗ್ಗೆ ಕಸ್ತೂರಿಯ ಫೋನು ಬಂತು.

"ಕರಿಬಸಪ್ಪ ಭಾವನೋರು ಹೋಗ್ಬಿಟ್ರು ರೀ. ಎದಿನೋವು ಅಂದ್ರು, ಅಷ್ಟೇ. ಸಂಜೀಗೇ ಮಣ್ಣು ಮಾಡ್ತಾರಂತೆ."

ಸಂಜೆಯೊಳಗೆ ಹರಿಹರ ಮುಟ್ಟಿಸುವ ವಿಮಾನ ಯಾವುದೂ ಇರಲಿಲ್ಲ. ಹೊರಗೆ ತಳದ ಚೌಕಟ್ಟು ಮುರಿದ ಕೊಯ್ಲಿನ ಯಂತ್ರ ನಿಂತಿತ್ತು. ಅದರ ರೈತ ಮೋಡ ನೋಡುತ್ತ ಕಾಯುತ್ತಿದ್ದ. ಸುತ್ತ ನೂರು ಮೈಲಿಗೆ ಇನ್ನೊಬ್ಬ ವೆಲ್ಡರ್ ಇರಲಿಲ್ಲ.

ಸುದ್ದಿ ತಿಳಿದು ಹೆಲೆನ್ ಓಡಿಬಂದಳು. "ಗುರು, ನೀನು ಮನೆಗೆ ಹೋಗು. ಯಂತ್ರ ನಿಂತರೆ ನಿಲ್ಲಲಿ."

"ಮನೆಗೆ ಹೋಗಿ ಏನ್ ಮಾಡ್ಲಿ ಮೇಡಂ?" ಎಂದು ನನ್ನನ್ನು ಮುಖಕ್ಕೆ ಇಳಿಸಿಕೊಂಡ.

ಅಳುತ್ತಾನೆಂದುಕೊಂಡೆ. ನನ್ನ ಒಳಗೋಡೆಗೆ ತಾಗುವ ಉಸಿರು ಎಂದಿನಂತೆಯೇ ಬಂದು ಹೋಗುತ್ತಿತ್ತು. ಬೆಸುಗೆ ಒಂದೆಡೆಯೂ ಅಲುಗಲಿಲ್ಲ. ಮೂರು ಗಂಟೆಗೆ ಯಂತ್ರ ಹೊಲಕ್ಕೆ ಹೊರಟಿತು. ರೈತ ಕೈ ಕುಲುಕಿದ. ಗುರುಶಾಂತ ತನ್ನ ಡಬ್ಬಿಯ ಅನ್ನ ಉಂಡ.

ಮುಂದಿನ ವರ್ಷ ಹೆಲೆನ್ ಅವನಿಗೆ ಹೊಸ ಮುಖವಾಡ ತಂದುಕೊಟ್ಟಳು. ನಾನು ಗೋಡೆಯ ಮೊಳೆ ಸೇರಿದೆ. ಅಲ್ಲಿಂದಲೇ ನೋಡಿದೆ, ಖಾಯಂ ವಾಸದ ಪತ್ರ ಬಂದ ದಿನ ಅವಳು ಕೇಕು ಕತ್ತರಿಸಿದ್ದನ್ನು. "ಇನ್ನು ನೀನು ಸಿಡ್ನಿಗಾದರೂ ಹೋಗಬಹುದು," ಎಂದಳು. ಹೋಗಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಅವನು ಕಸ್ತೂರಿಗೆ ಫೋನು ಮಾಡಿದ. ಅವಳ ದನಿ ನನಗೂ ಕೇಳಿಸಿತು.

"ನಾವು ಎಲ್ಲಿಗಾದ್ರೂ ಬರ್ತೀವಿ. ನಿಮಗೆ ಎಲ್ಲಿರಬೇಕು ಅನ್ನಿಸ್ತತಿ?"

"ಅಣ್ಣ ಹೋದಾಗಿಂದ ಏನೂ ಅನ್ನಿಸ್ತಿಲ್ಲ ಕಸ್ತೂರಿ," ಎಂದ. "ನೀವು ಜಲ್ದಿ ಬರ್ರಿ."