ಗೊತ್ತಾಗ್ತಿಲ್ಲ ಅಂದರೂ ನಡೆಯುತ್ತದೆ

ಕಣ್ಣು ಪರೀಕ್ಷೆಯ ಬೋರ್ಡಿನ ಕೊನೆಯ ಸಾಲು ಅಪ್ಪನಿಗೆ ನಿಜವಾಗಿ ಕಾಣಿಸುತ್ತಿದೆಯೋ ಇಲ್ಲವೋ, ತ ಗ ರ ಪ ಎಂದು ಗಡಗಡ ಒಪ್ಪಿಸಿಬಿಟ್ಟರು, ಚರ್ಚಿನ ಸಭೆಯಲ್ಲಿ ವಾಕ್ಯ ಹೇಳುವ ಅದೇ ಗತ್ತು, ಆದರೆ ತ ಗ ರ ಪ ಇದ್ದದ್ದು ಹೋದ ವರ್ಷದ ಬೋರ್ಡಿನಲ್ಲಿ, ಅದನ್ನು ತೆಗೆದು ಹೊಸದು ಹಾಕಿ ತಿಂಗಳಾಯಿತು — ಕನ್ನಡಕದಂಗಡಿಯ ಹಿಂದಿನ ಈ ಪುಟ್ಟ ಕೋಣೆಯಲ್ಲಿ ಪರೀಕ್ಷೆ ಮಾಡುತ್ತಿರುವ ಮಗನಿಗೆ ನಗು ತಡೆಯಲಾಗುತ್ತಿಲ್ಲ, ಇಡೀ ಬೈಬಲ್ಲನ್ನೇ ಬಾಯಿಪಾಠ ಮಾಡಿದ ಪಾಸ್ಟರಿಗೆ ನಾಲ್ಕು ಅಕ್ಷರ ಯಾವ ಮಹಾ. ಅಪ್ಪಾ, ಇದು ಚೆನ್ನಾಗಿದೆಯಾ, ಇದಾ, ಗಾಜು ಬದಲಿಸುತ್ತ ಕೇಳಿದ, ದಿನಕ್ಕೆ ನೂರು ಸಲ ಕೇಳುತ್ತಾನೆ, ಬೇಸರವೇ ಬಂದಿಲ್ಲ, ಈ ಕುರ್ಚಿಯಲ್ಲಿ ಕೂತವರು ಗೊತ್ತಾಗ್ತಿಲ್ಲ ಅಂದರೂ ನಡೆಯುತ್ತದೆ, ಊಹಿಸಿ ಹೇಳುವುದಕ್ಕಿಂತ ಹಾಗಂದರೇ ಅವನ ಕೆಲಸ ಸಲೀಸು, ಸಭೆಯಲ್ಲಿ ಆ ಮಾತಿಗೆ ಜಾಗವೇ ಇರಲಿಲ್ಲ, ಅಕ್ಕ ಒಮ್ಮೆ ಕೇಳಿದ್ದಳು, ಪಕ್ಕದ ಮನೆ ಅಜ್ಜಿ ಅಷ್ಟು ಒಳ್ಳೆಯವರು, ಸಭೆಗೆ ಬರಲ್ಲ ಅಂತ ಅವರೂ ನರಕಕ್ಕೇನಾ, ಸಂಶಯ ಸೈತಾನನದು, ಕೂತ್ಕೋ, ಅಂದರು ಅಪ್ಪ, ಕೂತಳು, ಕಾಲೇಜು ಮುಗಿದ ಮೇಲೆ ಎದ್ದು ಹೋದವಳು ಮತ್ತೆ ಬರಲಿಲ್ಲ, ಅವಳ ಹಿಂದೆ ಅವನು, ಅವನ ಹಿಂದೆ ಜೊತೆಗೆ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗರೆಲ್ಲ ಒಬ್ಬೊಬ್ಬರಾಗಿ, ಹಿರಿಯರು ಕೂತು ಮೊಬೈಲನ್ನು ಬೈದರು. ಮೈಕೈ ತುಂಬಿಕೊಂಡಿದ್ದೀಯ, ಅಂದರು ಅಪ್ಪ, ಕರ್ತನ ಭಯ ಬಿಟ್ಟವರು ಹೀಗೇ ಊದ್ಕೊಳ್ಳೋದು, ಅದು ನಿಮ್ಮ ಸೊಸೆ ಅಡುಗೆ ಅಪ್ಪಾ, ತಲೆ ಆಡಿಸಬೇಡಿ, ಗಾಜು ಬೀಳುತ್ತೆ. ಇಬ್ಬರೂ ನಕ್ಕರು. ಆಮೇಲೆ ಅಪ್ಪ ಸಣ್ಣ ದನಿಯಲ್ಲಿ, ನಿಜ ಹೇಳೋ, ಸಭೆಗೆ ಯಾಕೆ ಬರಲ್ಲ, ನಾನೇನಾದ್ರೂ ತಪ್ಪು ಮಾಡಿದ್ನಾ — ಅವನ ಬೆರಳು ಗಾಜಿನ ಅಂಚಿನಲ್ಲೇ ನಿಂತಿತು, ಅವನಿಗೆ ಹದಿನಾಲ್ಕು ವರ್ಷ ಆಗ, ಸಭೆಯ ಬೇಸಿಗೆ ಶಿಬಿರ, ಕರ್ತನ ದನಿ ಕೇಳಿದವರು ಕೈ ಎತ್ತಿ, ಅಂದರು, ಅಕ್ಕಪಕ್ಕ ಎಲ್ಲ ಕೈಗಳೂ ಮೇಲೆ, ತನ್ನದೊಂದೇ ತೊಡೆಯ ಮೇಲೆ, ಅಪ್ಪ ನೋಡುತ್ತಿದ್ದಾರೆ, ಕೈ ಎದ್ದಿತು, ಅಪ್ಪ ಎಲ್ಲರೆದುರು ಅತ್ತುಬಿಟ್ಟರು, ಮಗ ಕರ್ತನಲ್ಲಿ ಮರುಹುಟ್ಟು ಪಡೆದ ದಿನವೆಂದು ಬೈಬಲ್ಲಿನ ಮೊದಲ ಪುಟದಲ್ಲಿ ತಾರೀಖು ಬರೆದರು, ಈಗಲೂ ಪ್ರತಿ ವರ್ಷ ಆ ದಿನ ಬೆಳಿಗ್ಗೆಯೇ ಫೋನು, ನಿನ್ನ ಎರಡನೇ ಹುಟ್ಟುಹಬ್ಬ ಕಣೋ, ನಿಜ ಹೇಳಿದರೆ ಆ ಪುಟ ಏನಾಗುತ್ತದೆ, ಇಷ್ಟು ವರ್ಷ ಮಗನ ವಿಷಯಕ್ಕೆ ಅವರು ಹಿಡಿದುಕೊಂಡಿರುವುದು ಅದೊಂದನ್ನೇ — ನೀವೇನೂ ತಪ್ಪು ಮಾಡಿಲ್ಲಪ್ಪ, ಭಾನುವಾರ ಅಂಗಡಿ ಇರುತ್ತಲ್ಲ, ಅಂದ. ಗಾಜು ಬದಲಿಸಿದ. ಇದಾ, ಅದಾ. ಅಪ್ಪ ಕಣ್ಣು ಕಿರಿದು ಮಾಡಿ ಬೋರ್ಡು ನೋಡಿ, ಗೊತ್ತಾಗ್ತಿಲ್ಲ ಕಣೋ, ಅಂದರು, ಅವನಿಗೆ ಎದೆ ಹಗುರಾಯಿತು, ಪರವಾಗಿಲ್ಲ, ನಿಧಾನಕ್ಕೆ ನೋಡಿ, ಅಂದ, ಕಣ್ಣ ಮುಂದೆ ಶಿಬಿರದಲ್ಲಿ ತೊಡೆಯ ಮೇಲಿಂದ ಎದ್ದ ಆ ಕೈ, ಬೆರಳು ಬಿಡಿಸದ ಆ ಪುಟ್ಟ ಕೈ. ಆ ದಿನ ತನಗೆ ಯಾವ ದನಿಯೂ ಕೇಳಿಸಿರಲಿಲ್ಲವೆಂದು ಅವನು ಅಪ್ಪನಿಗೆ ಹೇಳಲೇ ಇಲ್ಲ.