ಇನ್ನೊಬ್ಬರ ಹೊಟ್ಟೆಯ ಮೇಲೆ ಹರಕೆ

ನಾನು ಒಂದು ಕಿಡ್ನಿ. ನಾಗರತ್ನವ್ವ ಇನ್ನೂ ತಾಯಿಯ ಗರ್ಭದಲ್ಲಿದ್ದಾಗಲೇ ಶಿವ ನನ್ನನ್ನು ಅವಳ ಬೆನ್ನಿನ ಎಡಕ್ಕೆ ಇಟ್ಟ. ಸೋಸುವುದು ನನ್ನ ಕಾಯಕ. ಅವಳ ಎರಡು ಬಾಣಂತನ ಕಂಡೆ. ನನ್ನ ಪಾಡಿಗೆ ನಾನಿದ್ದೆ.

ಅವಳ ಗಂಡ ಈರಪ್ಪ ಹಿಟ್ಟಿನ ಗಿರಣಿಯವನು. ಅವನ ಕಿಡ್ನಿಗಳೆರಡೂ ಕೈಬಿಟ್ಟವು. ಅವನ ಅಣ್ಣ ಚನ್ನವೀರಪ್ಪನವರದು ಅವನದೇ ಗುಂಪಿನ ರಕ್ತ. ಆದರೆ ಅವರು ಕಿಡ್ನಿ ಕೊಡುವ ಪರೀಕ್ಷೆಗೆ ಹೊರಟಾಗಲೆಲ್ಲ ಒಮ್ಮೆ ಬೆಕ್ಕು ಅಡ್ಡ ಬಂತು, ಒಮ್ಮೆ ಯಾರೋ ಸೀನಿದರು. ಕೊನೆಗೆ ನಾಗರತ್ನವ್ವನೇ ಮುಂದೆ ಬಂದಳು. ಅವಳ ರಕ್ತದ ಗುಂಪು ಬೇರೆ.

ಹೊಂದದಿದ್ದರೂ ಈಗ ಕೂಡಿಸಬಹುದು ಎಂದರು ಡಾಕ್ಟರು. ಈರಪ್ಪನ ರಕ್ತವನ್ನು ಯಂತ್ರದಲ್ಲಿ ಹಾಯಿಸಿ, ನನ್ನನ್ನು ಹೊಡೆಯಲು ನಿಂತಿದ್ದ ಅದರೊಳಗಿನ ಹಗೆಯನ್ನು ತೆಗೆದರು. ಆಮೇಲೆ ನನ್ನನ್ನು ಅವನ ಕಿಬ್ಬೊಟ್ಟೆಯಲ್ಲಿ ಕೂರಿಸಿದರು. ಬದುಕಿರುವ ತನಕ ಹೊತ್ತಿಗೆ ಸರಿಯಾಗಿ ಗುಳಿಗೆ, ಹೊಟ್ಟೆ ತುಂಬ ನೀರು. ತಪ್ಪಿದರೆ ಹಗೆ ಮತ್ತೆ ಏಳುತ್ತದೆ ಎಂದು ಎಚ್ಚರಿಸಿದರು.

ಹೊಲಿಗೆ ಮಾಯಲೆಂದು ನಾಗರತ್ನವ್ವ ತವರಿಗೆ ಹೋದಳು. ಆಗ ಚನ್ನವೀರಪ್ಪನವರು ಬಂದರು. ತಮ್ಮ ಉಳಿದರೆ ಅವನ ಕೈಲಿ ಶ್ರಾವಣದ ಸೋಮವಾರಗಳನ್ನು ಹನಿ ನೀರಿಲ್ಲದೆ ಮಾಡಿಸುತ್ತೇನೆಂದು ಹರಕೆ ಹೊತ್ತಿದ್ದರಂತೆ. ಕಿಡ್ನಿ ಕೊಡಲಾಗದವರು ಹರಕೆ ಕೊಟ್ಟರು, ಅದೂ ತೀರಿಸುವವನು ತಮ್ಮ. ತಾವು ಮಾತ್ರ ಪಿತ್ತ ಎಂದು ಬಾಳೆಹಣ್ಣು ಸುಲಿಯುತ್ತಿದ್ದರು. ಈರಪ್ಪ ಅಣ್ಣನಿಗೆ ಎದುರಾಡಿದವನಲ್ಲ. ಗುಳಿಗೆ ಬಿಟ್ಟ, ನೀರು ಬಿಟ್ಟ. ಒಳಗೆ ನಾನು ಏಟು ತಿಂದೆ, ಬಾತುಕೊಂಡೆ. ಅವನಿಗೆ ಜ್ವರ ಏರಿತು, ಮೂತ್ರ ಕಡಿಮೆಯಾಯಿತು.

ಮೂರನೆಯ ಸೋಮವಾರ ಮಧ್ಯಾಹ್ನ ನಾಗರತ್ನವ್ವ ಬಂದಳು. ಗಂಡನ ಮುಖ ನೋಡಿ ತಂಬಿಗೆ, ಗುಳಿಗೆ ತಂದು ಮುಂದಿಟ್ಟಳು. ಹರಕಿ ಮುರಿದರ ಮನಿಗೆ ಕೇಡು ಎಂದರು ಭಾವ.

"ಭಾವಾರ, ಹರಕಿ ಹೊತ್ತವರು ನೀವು. ಉಪವಾಸಾನೂ ನೀವ ಮಾಡ್ರಿ," ಎಂದಳು ತಣ್ಣಗೆ. "ಇವರ ಹೊಟ್ಟ್ಯಾಗಿರೂದು ನಂದು. ನನ್ನ ಕೇಳದ ಅದನ್ನ ಯಾರೂ ಉಪವಾಸ ಕೆಡವಬ್ಯಾಡ್ರಿ."

ಈರಪ್ಪ ಅಣ್ಣನ ಕಡೆ ನೋಡಲಿಲ್ಲ. ಗುಳಿಗೆ ನುಂಗಿ ಗಟಗಟ ಕುಡಿದ. ಅದೇ ಗಳಿಗೆಗೆ ಅವಳು ಅವನನ್ನು ಆಸ್ಪತ್ರೆಗೆ ಹೊರಡಿಸಿದಳು.

ನಾನು ಉಳಿದೆ, ಅರ್ಧ ಸುಟ್ಟ ಹಾಗೆ. ಶಿವನ ಮೇಲೆ ನನಗೆ ಸಿಟ್ಟಿಲ್ಲ. ತಲೆಯ ಮೇಲೆ ಹೊಳೆ ಹೊತ್ತವನು ಯಾರಿಗೂ ನೀರು ಬೇಡ ಅಂದಿಲ್ಲ. ಸಿಟ್ಟು ಅವನ ಹೆಸರು ಹೇಳುವವರ ಮೇಲೆ. ಈಗ ನನಗೆ ವಯಸ್ಸಾಗಿದೆ. ಚನ್ನವೀರಪ್ಪನವರು ಇಂದಿಗೂ ಬಂದವರಿಗೆಲ್ಲ ತಮ್ಮನನ್ನು ತೋರಿಸಿ, "ಎಲ್ಲಾ ನಮ್ಮ ಹರಕಿ ಫಲ" ಎನ್ನುತ್ತಾರೆ. ಕೆಲಸ ನಿಲ್ಲಿಸಿಬಿಡೋಣ ಅನ್ನಿಸುತ್ತದೆ. ಆದರೆ ನಾನು ನಿಂತರೆ ಮುಳುಗುವುದು ನಾಗರತ್ನವ್ವನ ಮನೆ. ಅದಕ್ಕೇ ಈ ಮೂಲೆಯಲ್ಲಿ ಕೂತು ಆ ಸಿಟ್ಟನ್ನೂ ಸೋಸುತ್ತಿದ್ದೇನೆ. ಅದೊಂದು ಮಾತ್ರ ಹೊರಗೆ ಹೋಗುತ್ತಿಲ್ಲ.