ಬಣ್ಣದ ಮೇಸ್ತ್ರಿ ಕೊಟ್ಟ ಸೀಸೆ

ಬಚ್ಚಲಮನೆಯ ಬಾಗಿಲಲ್ಲಿ ಬಣ್ಣದ ಮೇಸ್ತ್ರಿ ಆಸ್ಪತ್ರೆಯ ಪುಟ್ಟ ಸೀಸೆಯನ್ನು ಹೆಂಡತಿಯ ಕೈಗಿಟ್ಟಾಗ ಅವಳಿಗೆ ನಗು ಬಂತು. ಪರೀಕ್ಷೆ ಗಂಡನಿಗೆ, ಮೂತ್ರ ತನ್ನದು, ಇದ್ಯಾವ ಸೀಮೆಯ ನ್ಯಾಯ ಎಂದಳು. ಹಿಂದಿನ ದಿನ ನುಂಗಿದ ಮಾತ್ರೆಯಿಂದ ತನ್ನದು ಕೆಟ್ಟಿರುತ್ತದೆ, ಸುಮ್ಮನೆ ಫಲಿತಾಂಶ ತಪ್ಪುತ್ತದೆ ಎಂದು ಅವನು ಸುಳ್ಳು ಪೋಣಿಸಿದ.

"ಇಪ್ಪತ್ತು ವರ್ಷ ನಿಮ್ಮ ಬಣ್ಣದ ಬಟ್ಟೆ ಒಗೆದಿದ್ದಾಯ್ತು. ಇದೊಂದು ಸೇವೆ ಬಾಕಿ ಇತ್ತು ನೋಡಿ," ಎಂದು ಗೊಣಗುತ್ತಲೇ ಅವಳು ಒಳಗೆ ಹೋದಳು.

ಕಳೆದ ವರ್ಷ ಅವನ ಮೂತ್ರಕೋಶದಿಂದ ಸಣ್ಣದೊಂದು ಕ್ಯಾನ್ಸರ್ ಗಂಟನ್ನು ತೆಗೆದಿದ್ದರು. ಮೈಗೆ ಹತ್ತುವ ಬಣ್ಣದ ವಿಷದಿಂದಲೇ ಬಂದಿರಬಹುದು ಎಂದಿದ್ದರು. ಅಂದಿನಿಂದ ಮೂರು ತಿಂಗಳಿಗೊಮ್ಮೆ ಸೀಸೆ. ಮೂತ್ರದಲ್ಲಿ ಒಂದು ಬಗೆಯ ಪ್ರೋಟೀನ್ ಎಷ್ಟಿದೆ ಎಂದು ಅಳೆದರೆ, ರೋಗ ಮರಳುವ ಹಾಗಿದೆಯೇ ಎಂಬುದರ ಸುಳಿವು ಸಿಗುತ್ತದೆ ಎಂದು ವೈದ್ಯೆ ಬಿಡಿಸಿ ಹೇಳಿದ್ದರು. ಆ ಅಂಕಿ ಏರಿದರೆ ಬಣ್ಣದ ತೊಟ್ಟಿಯ ಹತ್ತಿರ ಬಿಡುವುದಿಲ್ಲ, ಗೇಟಿನಲ್ಲಿ ಕಾವಲಿಗೆ ಕೂರಿಸುತ್ತೇವೆ ಎಂದು ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಮ್ಯಾನೇಜರ್ ಮೊದಲೇ ತಿಳಿಸಿದ್ದ.

ಹಬೆಯಾಡುವ ತೊಟ್ಟಿಯಿಂದೆತ್ತಿದ ಹಸಿ ನೂಲನ್ನು ನೋಡಿ, ಅದು ಒಣಗಿದಾಗ ಯಾವ ಬಣ್ಣಕ್ಕೆ ನಿಲ್ಲುತ್ತದೆಂದು ಹೇಳುವ ಕಣ್ಣು ಅಲ್ಲಿ ಅವನೊಬ್ಬನಿಗೇ ಇತ್ತು. ಅದೇ ಕಣ್ಣಿಗೆ ಈಗ ಮೂರು ದಿನದಿಂದ ತನ್ನ ಮೂತ್ರದ ಕೆಂಪು ಕಾಣುತ್ತಿತ್ತು. ಬಣ್ಣದವರಿಗೆ ಒಳಗೂ ಬಣ್ಣವೇ ಎಂದು ತೊಟ್ಟಿಯವರು ಆಡಿಕೊಂಡು ನಗುವುದುಂಟು. ಆ ಮಾತನ್ನು ತನಗೆ ತಾನೇ ಹೇಳಿಕೊಂಡು ನೋಡಿದ, ಮನಸ್ಸು ಒಪ್ಪಲಿಲ್ಲ.

ವಾರ ಕಳೆದು ಆಸ್ಪತ್ರೆಯಿಂದ ಫೋನ್ ಬಂತು, ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದು. ಹೆಂಡತಿ ಹೊರಗಿನ ಬೆಂಚಿನಲ್ಲಿ ಕೂತಳು, ಅವನು ಒಳಗೆ ಹೋದ. ಅಂಕಿ ಹೋದ ಸಲಕ್ಕಿಂತ ನಾಲ್ಕು ಪಟ್ಟು ಏರಿದೆ ಎಂದರು ವೈದ್ಯೆ. ಇದೊಂದರಿಂದಲೇ ರೋಗ ಎನ್ನಲಾಗದು, ಆದರೆ ತಡಮಾಡುವಂತಿಲ್ಲ, ನಾಡಿದ್ದೇ ಮೂತ್ರಕೋಶದೊಳಗೆ ಕ್ಯಾಮೆರಾ ಇಳಿಸಿ ನೋಡೋಣ ಎಂದರು.

ಸದ್ಯ, ನನ್ನದಲ್ಲವಲ್ಲ ಎಂದು ಒಂದು ಗಳಿಗೆ ಅವನಿಗೆ ಹಗುರಾಯಿತು. ಮರುಗಳಿಗೆಗೆ ಅದು ಯಾರದೆಂಬುದು ನೆನಪಾಯಿತು. ಅವನ ಅಂಗಿ ನೆನೆಹಾಕಿದ ಬಕೆಟ್ಟಿನಲ್ಲಿ ಬರಿಗೈ ಅದ್ದುತ್ತಿದ್ದವಳು ಅವಳು. ಮೊಣಕೈವರೆಗೆ ನೀಲಿ ಹತ್ತಿಸಿಕೊಂಡು, ಬಳೆಗಿಂತ ಇದೇ ಚೆಂದ ಎನ್ನುತ್ತಿದ್ದವಳು.

ಸುಮ್ಮನೆ ತಲೆಯಾಡಿಸಬಹುದಿತ್ತು. ಹೇಗೂ ತನಗೂ ಚಿಕಿತ್ಸೆ ಬೇಕು, ಸುಳ್ಳು ಯಾರಿಗೂ ಗೊತ್ತಾಗುವುದಿಲ್ಲ. ಅವಳನ್ನು ಇನ್ನೊಂದು ದಿನ ಏನಾದರೂ ನೆವ ಹೇಳಿ ಕರೆತಂದರಾಯಿತು. ಆದರೆ ಯಾವ ದಿನ? ವೈದ್ಯೆ ಆಗಲೇ ಚೀಟಿಯಲ್ಲಿ ಅವನ ಹೆಸರು ಬರೆಯುತ್ತಿದ್ದರು.

"ಅದು ನನ್ನದಲ್ಲಮ್ಮ," ಎಂದ.

ಪೆನ್ನು ನಿಂತಿತು. "ಮತ್ತೆ ಯಾರದು?"

"ಹೊರಗೆ ಕೂತಿದಾಳಲ್ಲ, ಅವಳದು. ನನಗೆ ಕೆಂಪಗೆ ಹೋಗ್ತಾ ಇತ್ತು. ಕೆಲಸ ಹೋಗುತ್ತೆ ಅಂತ ಹೆದರಿದೆ."

ವೈದ್ಯೆ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಚೀಟಿಯನ್ನು ಪಕ್ಕಕ್ಕಿಟ್ಟು, ಇಬ್ಬರಿಗೂ ಮೊದಲಿನಿಂದ ಪರೀಕ್ಷೆಯಾಗಬೇಕು, ಅವರಿಗೆ ನೀವೇ ಹೇಳಿ ಕರೆದುಕೊಂಡು ಬನ್ನಿ ಎಂದಷ್ಟೇ ಅಂದರು.

ಹೆಂಡತಿ ಬೆಂಚಿನ ಮೇಲೆ ಅವನಿಗಾಗಿ ಚೀಲವಿಟ್ಟು ಜಾಗ ಹಿಡಿದಿದ್ದಳು. ಏನಂದರು ಎಂದು ಕೇಳಿದಳು. ಏನಿಲ್ಲ ಎಂಬುದು ನಾಲಿಗೆ ತುದಿಗೇ ಬಂತು, ನುಂಗಿಕೊಂಡ. ಪಕ್ಕದಲ್ಲಿ ಕೂತು, ಕೆಂಪು ಕಂಡ ಮೊದಲ ದಿನದಿಂದ ಹಿಡಿದು ಈಗ ಒಳಗೆ ನಡೆದದ್ದರವರೆಗೆ ಒಂದೂ ಬಿಡದೆ ಹೇಳಿದ. ಅವಳು ತನ್ನ ಅಂಗೈಗಳನ್ನು ಮಗುಚಿ ಮಗುಚಿ ನೋಡಿಕೊಂಡಳು.

"ನಂದು ಹಾಗಿರ್ಲಿ," ಎಂದಳು. "ರಕ್ತ ಹೋಗ್ತಾ ಇದ್ರೂ ಒಂದೇ ಮನೇಲಿ ಊಟ ಮಾಡಿಕೊಂಡು ಇದ್ರಲ್ಲ. ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಎದ್ದು ನೇರ ವೈದ್ಯೆಯ ಕೋಣೆಗೆ ನಡೆದಳು. ಹಿಂತಿರುಗಿ ನೋಡಲಿಲ್ಲ, ಆದರೆ ಬಾಗಿಲು ಮುಚ್ಚಿಕೊಳ್ಳದಂತೆ, ಅವನು ಬರುವತನಕ ಕೈಯಲ್ಲಿ ತಡೆದು ಹಿಡಿದಿದ್ದಳು.